ಮೆಟ್ಟಿಲೇ ನಡೆಯತೊಡಗಿದಾಗ

ಹುಣಸಗಿಯ ಕಣಿವೆಯಲ್ಲಿ ಮನುಷ್ಯನ ಹೆಜ್ಜೆ ಬಲು ಹಳೆಯದು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ದಶಕಗಳ ಕಾಲ ಈ ಭಾಗದ ಹಳ್ಳ ಕೊಳ್ಳಗಳನ್ನು ಸುತ್ತಿ, ಇಸಾಂಪುರದ ಬಳಿ ಆದಿಮಾನವರು ಸುಣ್ಣಗಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿಗಳನ್ನು ಮಾಡಿಕೊಳ್ಳುತ್ತಿದ್ದ ಕಾರ್ಯಸ್ಥಾನವನ್ನೇ ಅಗೆದು ಲೋಕಕ್ಕೆ ತೋರಿಸಿದರು. ಅದರ ಪ್ರಾಚೀನತೆ ಸುಮಾರು 12 ಲಕ್ಷ ವರ್ಷಗಳೆಂದು ವಿಜ್ಞಾನಿಗಳು ಗಣಿಸಿದ್ದಾರೆ. ಅಂದಿನಿಂದ ಇಂದಿನವರೆಗೆ ಈ ನೆಲದಲ್ಲಿ ನಡೆದವರೆಲ್ಲರ ಪಾದಗಳಿಗೂ ಒಂದು ನಂಬಿಕೆ ಸಮಾನವಾಗಿತ್ತು: ನಡೆಯುವವನು ಮನುಷ್ಯ, ನೆಲ ನಿಂತಿರುತ್ತದೆ.

ಆ ನಂಬಿಕೆ ಮುರಿಯುವುದು ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ.

ಹಿಂದೆ ಸುರಪುರ ತಾಲೂಕಿನ ಒಂದು ಊರಾಗಿದ್ದ ಹುಣಸಗಿ ಈಗ ತಾನೇ ತಾಲೂಕು ಕೇಂದ್ರ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಅದರ ಸುತ್ತಿನ ಬಯಲು ಹಸುರಾಯಿತು. ಆದರೆ ರೈಲು ಇಂದಿಗೂ ಊರಿನ ಹತ್ತಿರ ಸುಳಿದಿಲ್ಲ. ರೈಲು ಬೇಕಾದವರು ಸುರಪುರ, ಶಹಾಪುರಗಳನ್ನು ಹಾದು ಯಾದಗಿರಿಗೆ ಹೋಗಬೇಕು. ಉಳಿದವರಿಗೆ ರಾತ್ರಿಯ ಬಸ್ಸೇ ಗತಿ. ಬೆಂಗಳೂರಿನ ದಾರಿ ಹಿಡಿಯುವವರು ಮಾತ್ರ ಕಡಮೆಯಾಗಿಲ್ಲ. ಗುಳೆ ಹೊರಟು ಮಹಾನಗರದ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರುವವರು, ಓದಿ ನೌಕರಿ ಹಿಡಿದ ಮಕ್ಕಳ ಮನೆ ನೋಡಲು ಹೋಗುವ ತಾಯ್ತಂದೆಯರು, ದೊಡ್ಡ ಆಸ್ಪತ್ರೆಯ ಚೀಟಿ ಹಿಡಿದವರು, ಎಲ್ಲರೂ ಬೆಳಗಿನ ಜಾವದಲ್ಲಿ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಅಲ್ಲಿಂದ ನಾಲ್ಕು ಹೆಜ್ಜೆಯಲ್ಲೇ ಮೆಟ್ರೋ ನಿಲ್ದಾಣ. ಬೆಂಗಳೂರಿನ ಮೆಟ್ರೋ 2011ರ ಅಕ್ಟೋಬರ್ 20ರಂದು ಮೊದಲು ಓಡಿತು; 2016ರಲ್ಲಿ ನಗರದ ನಡುಭಾಗದ ನೆಲದಡಿಯ ಮಾರ್ಗ ತೆರೆಯಿತು; 2017ರ ಜೂನಿನಲ್ಲಿ ಎರಡು ಮಾರ್ಗಗಳೂ ಮೆಜೆಸ್ಟಿಕ್ಕಿನಲ್ಲಿ ಒಂದರ ಮೇಲೊಂದು ಹಾದುಹೋಗುವಂತಾಯಿತು. ನೆಲದ ಕೆಳಗೆ ಎರಡು ಅಂತಸ್ತುಗಳಲ್ಲಿ ರೈಲು ಓಡುವುದೆಂದ ಮೇಲೆ ಇಳಿಯುವುದಕ್ಕೂ ಏರುವುದಕ್ಕೂ ಮೆಟ್ಟಿಲು ಬೇಕು. ಆ ಮೆಟ್ಟಿಲು ತಾನಾಗಿಯೇ ನಡೆಯುತ್ತದೆ.

ಒಂದು ದೃಶ್ಯವನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬೇಕು. ಮೆಜೆಸ್ಟಿಕ್ಕಿನಲ್ಲಿ ಹತ್ತು ನಿಮಿಷ ನಿಂತರೆ ಇದನ್ನು ಹೋಲುವುದೊಂದನ್ನು ಯಾರಾದರೂ ಕಂಡಾರು. ಇಲಕಲ್ಲ ಸೀರೆಯುಟ್ಟ ಅರವತ್ತೈದರ ಹೆಂಗಸು. ಕಂಕುಳಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಕರೆದೊಯ್ಯಲು ಬಂದ ಮೊಮ್ಮಗ ಆಗಲೇ ಮೆಟ್ಟಿಲಿನ ಮೇಲೆ ನಿಂತು ಹಿಂದಿರುಗಿ ಕೈ ಚಾಚಿದ್ದಾನೆ.

“ಬಾ ಆಯಿ, ಏನೂ ಆಗಂಗಿಲ್ಲ.”

“ಏ ತಮ್ಮಾ, ಇದರ ಮ್ಯಾಲ ಕಾಲು ಹ್ಯಾಂಗ ಇಡಬೇಕೋ? ಇದು ನಿಂದ್ರವಲ್ದಲ್ಲ!”

ಹಿಂದೆ ನಿಂತವರು ಗೊಣಗುತ್ತಾರೆ. ಮೊಮ್ಮಗನಿಗೆ ನಾಚಿಕೆ. ಅವನು ಆಯಿಯ ಕೈ ಹಿಡಿದು ಎಳೆಯುತ್ತಾನೆ. ಕೈ ಮುಂದೆ ಹೋಗುತ್ತದೆ, ಕಾಲು ಹಿಂದೆ ಉಳಿಯುತ್ತದೆ. ಬೀಳುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆ ವಯಸ್ಸಿನಲ್ಲಿ ಬೀಳುವುದೆಂದರೆ ಮೊಣಕಾಲು ತರಚಿದಷ್ಟಕ್ಕೇ ಮುಗಿಯುವುದಿಲ್ಲ. ಸೊಂಟದ ಎಲುಬು ಮುರಿದ ಮುದುಕಿ ಎಷ್ಟೋ ವೇಳೆ ಮತ್ತೆ ತನ್ನ ಕಾಲ ಮೇಲೆ ಅಂಗಳಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ 1991ರಿಂದ 2005ರವರೆಗಿನ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿದ ವೈದ್ಯರು, 65 ವರ್ಷ ದಾಟಿದವರಲ್ಲಿ ಸುಮಾರು 40 ಸಾವಿರ ಮಂದಿ ಚಲಿಸುವ ಮೆಟ್ಟಿಲಿನಿಂದ ಪೆಟ್ಟು ತಿಂದರೆಂದು ಅಂದಾಜು ಮಾಡಿದರು. ಅವರಲ್ಲಿ ಬಹುಮಂದಿಯ ಕಥೆ ಒಂದೇ: ಜಾರಿದರು, ಎಡವಿದರು, ಬಿದ್ದರು. ಯಂತ್ರ ಕೆಟ್ಟದ್ದರಿಂದ ಪೆಟ್ಟು ತಿಂದವರು ಅತ್ಯಲ್ಪ. ಹುಟ್ಟಿದಂದಿನಿಂದ ಇಂಥ ಮೆಟ್ಟಿಲನ್ನು ಕಂಡ ದೇಶದ ಪಾಡು ಇದಾದರೆ, ನಿನ್ನೆ ರಾತ್ರಿ ಹುಣಸಗಿಯಲ್ಲಿ ಬಸ್ ಹತ್ತಿದವರ ಅಂಜಿಕೆಗೆ ನಗುವ ಅಧಿಕಾರ ಯಾರಿಗಿದೆ?

ಲಂಡನ್ನಿನವರೂ ಅಂಜಿದ್ದರು

ಈ ಯಂತ್ರದ ಬಾಲ್ಯವನ್ನು ನೋಡಿದರೆ ಆಯಿಯ ಹೆದರಿಕೆಗೆ ಘನವಾದ ವಂಶಾವಳಿಯೇ ದೊರೆಯುತ್ತದೆ. ಅಮೆರಿಕದ ಜೆಸ್ಸಿ ರೀನೋ ಎಂಬಾತ 1892ರಲ್ಲಿ ಇಳಿಜಾರಾಗಿ ಸರಿಯುವ ಒಂದು ಪಟ್ಟಿಗೆ ಹಕ್ಕುಪತ್ರ ಪಡೆದನು. ಕೆಲವು ವರ್ಷಗಳಲ್ಲಿ ಅದು ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಜನ ಮೋಜಿಗೆ ಹತ್ತಿಳಿಯುವ ಆಟದ ವಸ್ತುವಾಯಿತು. 1898ರಲ್ಲಿ ಲಂಡನ್ನಿನ ಹ್ಯಾರಡ್ಸ್ ಅಂಗಡಿಯವರು ಚಲಿಸುವ ಸೋಪಾನವೊಂದನ್ನು ಹಾಕಿಸಿದಾಗ, ಅದನ್ನೇರಿ ಮೇಲೆ ಬಂದು ಕಂಗಾಲಾದ ಗಿರಾಕಿಗಳಿಗೆ ಚೇತರಿಸಿಕೊಳ್ಳಲು ಬ್ರಾಂದಿ ಕೊಡುತ್ತಿದ್ದರಂತೆ! ಮೆಜೆಸ್ಟಿಕ್ಕಿನಲ್ಲಿ ಆ ಸೌಕರ್ಯವಿಲ್ಲ, ಇರಬೇಕಾಗಿಯೂ ಇಲ್ಲ.

1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಬಹುಮಾನ ಪಡೆದ ಯಂತ್ರಕ್ಕೆ ‘ಎಸ್ಕಲೇಟರ್’ ಎಂದು ಹೆಸರಿಟ್ಟವನು ಚಾರ್ಲ್ಸ್ ಸೀಬರ್ಗರ್. ಲ್ಯಾಟಿನ್ ಭಾಷೆಯಲ್ಲಿ ‘ಸ್ಕಾಲಾ’ ಎಂದರೆ ಏಣಿ. ಅದು ಮೊದಲು ಒಂದು ಕಂಪೆನಿಯ ಸ್ವಂತ ವ್ಯಾಪಾರನಾಮವಾಗಿತ್ತು. ಎಲ್ಲರ ಬಾಯಲ್ಲಿ ಆಡಿ ಸವೆದುದರಿಂದ 1950ರಲ್ಲಿ ಅಮೆರಿಕದಲ್ಲಿ ಆ ಹಕ್ಕು ಬಿದ್ದುಹೋಯಿತು. ಕನ್ನಡದಲ್ಲಿ ಏಣಿ, ನಿಚ್ಚಣಿಕೆ, ಸೋಪಾನ, ಮೆಟ್ಟಿಲು, ಉತ್ತರದವರ ಪಾವಟಿಗೆ ಎಲ್ಲವೂ ಇವೆ, ಆದರೆ ಎಲ್ಲವೂ ಸ್ಥಾವರ. ಶರಣರ ನಾಡಿನವರು ಈ ಹೊಸದನ್ನು ‘ಜಂಗಮ ಸೋಪಾನ’ ಎಂದು ಕರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಜನ ಮಾತ್ರ ಎಸ್ಕಲೇಟರ್ ಎಂದೇ ಅನ್ನುತ್ತಾರೆ.

ರೈಲು ನಿಲ್ದಾಣಗಳಿಗೆ ಇದು ಬಂದದ್ದು ತುಸು ತಡವಾಗಿ. ಲಂಡನ್ನಿನ ನೆಲದಡಿಯ ರೈಲಿನಲ್ಲಿ 1911ರ ಅಕ್ಟೋಬರ್ 4ರಂದು ಅರ್ಲ್ಸ್ ಕೋರ್ಟ್ ನಿಲ್ದಾಣದಲ್ಲಿ ಮೊದಲ ಚಲಿಸುವ ಮೆಟ್ಟಿಲು ಕೆಲಸ ಆರಂಭಿಸಿತು. ಅಲ್ಲಿಂದ ಹುಣಸಗಿಯವರಿಗೆ ಅದರ ಪರಿಚಯವಾಗಲು ನೂರು ವರ್ಷ ಹಿಡಿಯಿತು.

ಹೊಟ್ಟೆಯೊಳಗೇನಿದೆ?

ಅಂಜಿಕೆ ಹೋಗಲು ಅರಿವಿಗಿಂತ ಮಿಗಿಲಾದ ಮದ್ದಿಲ್ಲ. ಬಾವಿಯ ರಾಟೆಯನ್ನೂ ಸೈಕಲ್ಲಿನ ಚೈನನ್ನೂ ಬಲ್ಲವರು ಈ ಯಂತ್ರವನ್ನೂ ಬಲ್ಲರು. ಮೆಟ್ಟಿಲುಗಳ ಎರಡೂ ಪಕ್ಕಗಳಲ್ಲಿ ಕೊನೆಯಿಲ್ಲದ ಎರಡು ದೊಡ್ಡ ಚೈನುಗಳು ಸುತ್ತುತ್ತಿರುತ್ತವೆ. ಪ್ರತಿಯೊಂದು ಮೆಟ್ಟಿಲೂ ನಾಲ್ಕು ಗಾಲಿಯ ಪುಟ್ಟ ಬಂಡಿ. ಅದರ ಮುಂದಿನ ಗಾಲಿಗಳಿಗೆ ಒಂದು ಹಳಿ, ಹಿಂದಿನ ಗಾಲಿಗಳಿಗೆ ಇನ್ನೊಂದು. ಇಳಿಜಾರಿನಲ್ಲಿ ಈ ಎರಡು ಹಳಿಗಳ ಅಂತರವನ್ನು ಹೊಂದಿಸಿರುವುದರಿಂದಲೇ ಮೆಟ್ಟಿಲು ಓರೆಯಾಗದೆ ಮಟ್ಟಸವಾಗಿ ನಿಲ್ಲುತ್ತದೆ. ತುದಿಗಳಲ್ಲಿ ಹಳಿಗಳ ಹೊಂದಿಕೆ ಬದಲಾಗಿ ಮೆಟ್ಟಿಲುಗಳೆಲ್ಲ ಚಪ್ಪಟೆಯಾಗಿ ಒಂದೇ ಹಾಸಿನಂತಾಗುತ್ತವೆ. ಆ ಬಳಿಕ ಅವು ನೆಲದಡಿಗೆ ನುಸುಳಿ, ತಲೆಕೆಳಗಾಗಿ ಹಿಂದಿರುಗಿ, ಮತ್ತೆ ಮೊದಲಿನ ತುದಿಯಲ್ಲಿ ಮೇಲೇಳುತ್ತವೆ. ಕೈಯೂರುವ ಕಪ್ಪು ರಬ್ಬರಿನ ಪಟ್ಟಿಯನ್ನೂ ಅದೇ ಮೋಟಾರು ಎಳೆಯುತ್ತದೆ. ಆದ್ದರಿಂದಲೇ ಕೈ, ಕಾಲು ಎರಡೂ ಜತೆಯಾಗಿ ಸಾಗುತ್ತವೆ. ವೇಗವೂ ಭಯಪಡುವಂಥದಲ್ಲ: ಬಹುಮಟ್ಟಿಗೆ ಸೆಕೆಂಡಿಗೆ ಅರ್ಧ ಮೀಟರಿನಿಂದ ಮುಕ್ಕಾಲು ಮೀಟರು. ಸಂತೆಗೆ ಹೊರಟವರ ನಡಿಗೆ ಇದಕ್ಕಿಂತ ಚುರುಕು.

ಹಾಗಾದರೆ ಅಪಾಯವೆಲ್ಲಿ? ಮೂರು ಕಡೆ. ಮೊದಲನೆಯದು, ಹತ್ತುವ ಮತ್ತು ಇಳಿಯುವ ಗಳಿಗೆ. ನಿಂತ ನೆಲದಿಂದ ನಡೆಯುವ ನೆಲಕ್ಕೆ ದಾಟುವಾಗ ಕಾಲು ಎರಡು ಮೆಟ್ಟಿಲುಗಳ ಸಂದಿನ ಮೇಲೆ ಬಿದ್ದರೆ, ಒಂದು ಕ್ಷಣದಲ್ಲಿ ಆ ಎರಡು ಬೇರೆ ಬೇರೆ ಎತ್ತರಕ್ಕೆ ಸರಿದು ಮನುಷ್ಯ ಓಲಾಡುತ್ತಾನೆ. ಮೆಟ್ಟಿಲಿನ ಅಂಚಿಗೆ ಹಳದಿ ಗೆರೆ ಬಳಿದಿರುವುದು ಅಂದಕ್ಕಲ್ಲ. ಪಾದವನ್ನು ಗೆರೆಗಳ ನಡುವೆ ಇಡಬೇಕೆಂಬುದಕ್ಕೆ. ಎರಡನೆಯದು, ಮೆಟ್ಟಿಲು ನೆಲದಡಿಗೆ ನುಸುಳುವ ಜಾಗ. ಅಲ್ಲಿ ಬಾಚಣಿಗೆಯ ಹಲ್ಲುಗಳಂಥ ಲೋಹದ ತಟ್ಟೆ ಮೆಟ್ಟಿಲಿನ ಗೀರುಗಳೊಳಗೆ ಕೂತು, ಬಂದ ಪಾದವನ್ನೂ ಕಸವನ್ನೂ ಮೇಲಕ್ಕೆ ಎತ್ತಿಕೊಡುತ್ತದೆ. ಪಾದವೆತ್ತಿ ದಾಟಿದವರಿಗೆ ಅದು ಉಪಕಾರಿ. ಕಾಲೆಳೆದುಕೊಂಡು ನಿಂತವರಿಗೆ, ಬಿಚ್ಚಿದ ದಾರಕ್ಕೆ, ನೆಲಕ್ಕೂರಿದ ಎಳೆಯ ಬೆರಳಿಗೆ ಅಲ್ಲ.

ಮೂರನೆಯದು ಕಣ್ಣಿಗೆ ಕಾಣದಷ್ಟು ಸಣ್ಣದು. ಮೆಟ್ಟಿಲಿಗೂ ಪಕ್ಕದ ಲೋಹದ ಗೋಡೆಗೂ ನಡುವಣ ಸಂದು. ಯೂರೋಪಿನ ನಿಯಮದಂತೆ ಅದು ಒಂದು ಪಕ್ಕದಲ್ಲಿ 4 ಮಿಲಿಮೀಟರನ್ನೂ ಎರಡೂ ಪಕ್ಕ ಕೂಡಿ 7 ಮಿಲಿಮೀಟರನ್ನೂ ಮೀರಕೂಡದು. ಆದರೆ ಸೀರೆಯ ಸೆರಗಿಗೆ ಒಂದು ಮಿಲಿಮೀಟರೇ ಸಾಕಲ್ಲವೇ? ಈ ಯಂತ್ರವನ್ನು ಕಲ್ಪಿಸಿದವರ ದೇಶದಲ್ಲಿ ಸೀರೆಯಿರಲಿಲ್ಲ, ಧೋತರವಿರಲಿಲ್ಲ, ದುಪಟ್ಟಾ ಇರಲಿಲ್ಲ. ದೆಹಲಿಯ ಮೆಟ್ರೋ ಬಂದಾಗ ಈ ಪ್ರಶ್ನೆ ಎದುರಾಗಿ, ಮೆಟ್ಟಿಲಿನ ಪಕ್ಕಗಳಲ್ಲಿ ಸೀರೆಯನ್ನು ಸಂದಿನಿಂದ ದೂರವಿಡುವ ವಿಶೇಷ ತಡೆಯನ್ನು ಅಳವಡಿಸಬೇಕಾಯಿತು. ಹಲವೆಡೆ ಪಕ್ಕದ ಗೋಡೆಯುದ್ದಕ್ಕೂ ಗಡಸು ಕೂದಲಿನ ಬ್ರಷ್ ಕಾಣುತ್ತದೆ. ಕೆಲವು ಪಟ್ಟಣಿಗ ಮಹಾಶಯರು ಅದಕ್ಕೆ ತಮ್ಮ ಬೂಟುಗಳನ್ನು ಒತ್ತಿ ಹೊಳಪು ಕೊಟ್ಟುಕೊಳ್ಳುವುದುಂಟು. ‘ಇತ್ತ ಕಾಲು ತರಬೇಡ’ ಎಂದು ಹೇಳಲು ಇಟ್ಟ ಕಾವಲುಗಾರನ ಹೆಗಲಿಗೇ ಕಾಲೊರಸಿದಂತೆ!

ಹೆಂಗಸರು ನೆರಿಗೆಯನ್ನು ಒಂದು ಕೈಯಲ್ಲಿ ತುಸು ಎತ್ತಿಹಿಡಿದು, ಸೆರಗನ್ನು ಸೊಂಟಕ್ಕೆ ಸಿಗಿಸಿಕೊಳ್ಳಬೇಕು. ಗದ್ದೆಯಲ್ಲಿ ನಾಟಿಗೆ ಇಳಿಯುವಾಗ ಹುಣಸಗಿಯ ಹೆಣ್ಣುಮಕ್ಕಳು ಹೇಗೂ ಮಾಡುವುದು ಅದನ್ನೇ. ಇಲ್ಲಿ ಅವರು ಪಟ್ಟಣದ ಹೆಣ್ಣುಮಕ್ಕಳಿಗೆ ಕಲಿಸಬಲ್ಲರು. ಗಂಡಸರ ಧೋತರದ ಚುಂಗಿಗೂ ಇದೇ ಮಾತು.

ರಬ್ಬರಿನ ಚಪ್ಪಲಿಯದು ಬೇರೆಯೇ ತೊಂದರೆ. ಮೆದು ರಬ್ಬರು ಪಕ್ಕದ ಗೋಡೆಗೆ ತಾಗಿದರೆ ಜಾರುವುದಿಲ್ಲ, ಅಂಟಿಕೊಳ್ಳುತ್ತದೆ. ಮೆಟ್ಟಿಲು ಮುಂದೆ ಸಾಗಿದಂತೆ ಸಂದಿನೊಳಗೆ ಎಳೆಯಲ್ಪಡುತ್ತದೆ, ಅದರ ಹಿಂದೆ ಬೆರಳು. ಜಪಾನಿನಲ್ಲಿ ಮಕ್ಕಳು ಹಾಕಿಕೊಳ್ಳುವ ಮೆದುವಾದ ಪಾದರಕ್ಷೆಗಳು ಹೀಗೆ ಮೇಲಿಂದ ಮೇಲೆ ಸಿಕ್ಕಿಕೊಂಡಾಗ, 2008ರಲ್ಲಿ ಅಲ್ಲಿನ ಸರ್ಕಾರವೇ ತಯಾರಕರನ್ನು ಕರೆದು ವಿನ್ಯಾಸ ಬದಲಿಸಲು ಹೇಳಿತು. ನಮ್ಮ ಹವಾಯಿ ಚಪ್ಪಲಿಯೂ ಇದೇ ಜಾತಿಯದು. ಮಗುವಿದ್ದರೆ ಅದನ್ನು ಮೆಟ್ಟಿಲಿನ ನಟ್ಟನಡುವೆ ನಿಲ್ಲಿಸಿ ಕೈ ಹಿಡಿದಿರಬೇಕು. ಕೂಡಿಸಕೂಡದು, ಆಡಲು ಬಿಡಕೂಡದು. ತೀರ ಎಳೆಯದಾದರೆ ಎತ್ತಿಕೊಳ್ಳುವುದು ಲೇಸು, ಆದರೆ ಎತ್ತಿಕೊಂಡವರ ಇನ್ನೊಂದು ಕೈಯಲ್ಲಿ ಚೀಲವಿರಬಾರದು. ಆ ಕೈ ರಬ್ಬರಿನ ಪಟ್ಟಿಗೆ ಮೀಸಲು.

ಯಂತ್ರ ತಪ್ಪಿದಾಗ

ತಪ್ಪೆಲ್ಲ ಪ್ರಯಾಣಿಕರದೇ ಎನ್ನುವುದು ಯಂತ್ರ ನೋಡಿಕೊಳ್ಳಬೇಕಾದವರಿಗೆ ಬಲು ಅನುಕೂಲದ ಮಾತು. ಅದು ಪೂರ್ಣ ಸತ್ಯವಲ್ಲ. 2011ರ ಜುಲೈ 5ರಂದು ಬೀಜಿಂಗ್ ನಗರದ ಮೃಗಾಲಯ ನಿಲ್ದಾಣದಲ್ಲಿ ಮೇಲೇರುತ್ತಿದ್ದ ಮೆಟ್ಟಿಲು ಇದ್ದಕ್ಕಿದ್ದಂತೆ ಹಿಂದೆ ಸರಿಯಿತು. ಮೇಲಿದ್ದವರು ಕೆಳಗಿದ್ದವರ ಮೇಲೆ ಉರುಳಿದರು. 13 ವರ್ಷದ ಬಾಲಕನೊಬ್ಬ ಸತ್ತನು. ಸುಮಾರು ಮೂವತ್ತು ಮಂದಿ ಗಾಯಗೊಂಡರು. 2018ರ ಅಕ್ಟೋಬರಿನಲ್ಲಿ ರೋಮ್ ನಗರದ ರಿಪಬ್ಲಿಕಾ ನಿಲ್ದಾಣದಲ್ಲಿ ಕೆಳಗಿಳಿಯುತ್ತಿದ್ದ ಮೆಟ್ಟಿಲು ಹುಚ್ಚು ವೇಗ ಪಡೆದು, ಕಾಲ್ಚೆಂಡಾಟ ನೋಡಲು ಬಂದಿದ್ದ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಗಾಯಗೊಳಿಸಿತು.

ಎಲ್ಲಕ್ಕಿಂತ ಘೋರವಾದದ್ದು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ದುರಂತ. 1987ರ ನವೆಂಬರ್ 18ರ ಸಂಜೆ. ಅಲ್ಲಿಯ ಚಲಿಸುವ ಮೆಟ್ಟಿಲು ಮರದ್ದು. ನಿಲ್ದಾಣದಲ್ಲಿ ಧೂಮಪಾನಕ್ಕೆ ನಿಷೇಧವಿದ್ದರೂ, ಹೊರಗೆ ಹೊರಟವರು ಮೆಟ್ಟಿಲಿನ ಮೇಲೆಯೇ ಸಿಗರೇಟು ಹೊತ್ತಿಸುವ ರೂಢಿಯಿತ್ತು. ಯಾರೋ ಬಿಟ್ಟ ಉರಿಯುವ ಕಡ್ಡಿಯೊಂದು ಸಂದಿನಲ್ಲಿ ಕೆಳಗೆ ಬಿತ್ತು ಎಂದು ವಿಚಾರಣೆ ತೀರ್ಮಾನಿಸಿತು. ಕೆಳಗೆ ವರ್ಷಗಳಿಂದ ಕೂಡಿಕೊಂಡ ಗ್ರೀಸು, ಕಸ, ನೂಲು, ಕೂದಲು. ಮೊದಮೊದಲು ಸಣ್ಣದಾಗಿ ಕಂಡ ಬೆಂಕಿ ಮೆಟ್ಟಿಲಿನ ಕಾಲುವೆಯಂಥ ಇಳಿಜಾರಿನಲ್ಲಿ ತಬ್ಬಿಕೊಂಡು ಮೇಲಕ್ಕೆ ಹರಿದು, ಟಿಕೆಟು ಕೊಡುವ ಹಜಾರಕ್ಕೆ ಒಮ್ಮೆಲೇ ಉಕ್ಕಿತು. 31 ಮಂದಿ ಸತ್ತರು. ಆ ಮೇಲೆ ಮರದ ಮೆಟ್ಟಿಲುಗಳನ್ನು ಲೋಹದವಾಗಿ ಬದಲಿಸುತ್ತ ಹೋಗಿ, ಕಟ್ಟಕಡೆಯದನ್ನು 2014ರಲ್ಲಿ ತೆಗೆದುಹಾಕಲಾಯಿತು. ಒಂದು ಕಡ್ಡಿ, ಗುಡಿಸದೆ ಬಿಟ್ಟ ಒಂದಿಷ್ಟು ಕಸ: ಎರಡರಲ್ಲಿ ಯಾವುದು ಹೆಚ್ಚು ಅಪರಾಧಿ?

ಕರ್ನಾಟಕದಲ್ಲಿ ಲಿಫ್ಟುಗಳಿಗೂ ಚಲಿಸುವ ಮೆಟ್ಟಿಲುಗಳಿಗೂ ಸಂಬಂಧಿಸಿ 2012ರ ಕಾನೂನೊಂದಿದೆ. ಅನುಮತಿ, ತಪಾಸಣೆಗಳ ವಿಷಯದಲ್ಲಿ ಅದು ಮಾತನಾಡುತ್ತದೆ. ಆದರೆ ಮೆಟ್ಟಿಲು ಕರ್ಕಶವಾಗಿ ಕಿರುಗುಟ್ಟಿದರೆ, ರಬ್ಬರಿನ ಪಟ್ಟಿ ಕಾಲಿಗಿಂತ ಹಿಂದೆ ಬಿದ್ದರೆ, ಬಾಚಣಿಗೆಯ ಹಲ್ಲು ಮುರಿದಿದ್ದರೆ ಅದನ್ನು ಮೊದಲು ಕಾಣುವವನು ಇನ್‌ಸ್ಪೆಕ್ಟರನಲ್ಲ, ಪ್ರಯಾಣಿಕ. ನಿಲ್ದಾಣದ ಸಿಬ್ಬಂದಿಗೆ ಒಂದು ಮಾತು ಹೇಳಿ ಹೋಗಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಬೆಂಗಳೂರಿನಲ್ಲಿ ಯಾರ ಬಳಿಯೂ ಇರುವುದಿಲ್ಲ, ಅದು ನಿಜ.

ಅವಸರದವರ ಮಾತು ಬಂದಿತು. ಒಂದು ಪಕ್ಕ ನಿಲ್ಲುವವರಿಗೆ, ಇನ್ನೊಂದು ಪಕ್ಕ ಹತ್ತಿ ಓಡುವವರಿಗೆ ಎಂಬ ಪದ್ಧತಿಯನ್ನು ಪರದೇಶ ಕಂಡು ಬಂದವರು ನಾಗರಿಕತೆಯ ಲಕ್ಷಣವೆಂದು ಹೊಗಳುತ್ತಾರೆ. ಲಂಡನ್ನಿನ ಹೋಬರ್ನ್ ನಿಲ್ದಾಣದಲ್ಲಿ 2015 ಮತ್ತು 2016ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಎರಡೂ ಪಕ್ಕಗಳಲ್ಲಿ ಎಲ್ಲರೂ ಸುಮ್ಮನೆ ನಿಂತಾಗಲೇ ಹೆಚ್ಚು ಜನ ಮೇಲೇರಿದರು! ಉದ್ದವಾದ ಮೆಟ್ಟಿಲನ್ನು ನಡೆದು ಹತ್ತುವವರು ಕೆಲವರೇ; ಅವರಿಗಾಗಿ ಅರ್ಧ ಯಂತ್ರ ಬರಿದಾಗಿ ಸಾಗುತ್ತದೆ, ಕೆಳಗೆ ಸಾಲು ಬೆಳೆಯುತ್ತದೆ. ಜಪಾನಿನ ಸೈತಾಮಾ ಪ್ರಾಂತದಲ್ಲಿ 2021ರಿಂದ ನಿಂತೇ ಸಾಗಬೇಕೆಂಬ ಕಟ್ಟಳೆ ಬಂದಿದೆ. ಎಡಗೈ ಸ್ವಾಧೀನವಿಲ್ಲದವನು ಬಲಪಕ್ಕದ ಪಟ್ಟಿಯನ್ನೇ ಹಿಡಿಯಬೇಕು; ಅವನನ್ನು ‘ಸರಿ’ ಎನ್ನುವುದು ಯಾವ ನಾಗರಿಕತೆ?

ಈಗ ಆಯಿಯ ಬಳಿಗೆ ಮರಳೋಣ. ಅವಳಿನ್ನೂ ಮೆಟ್ಟಿಲಿನ ಎದುರು ನಿಂತಿದ್ದಾಳೆ.

ಮೊಮ್ಮಗ ಮೊದಲು ಮಾಡಬೇಕಾದದ್ದು ಅವಳನ್ನು ಪಕ್ಕಕ್ಕೆ ಕರೆದೊಯ್ಯುವುದು. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ತಲೆಯ ಮೇಲೆ ಮೂಟೆ, ಕಂಕುಳಲ್ಲಿ ಕೂಸು, ಕೈಯಲ್ಲಿ ಊರುಗೋಲು ಇದ್ದವರಿಗೆ ಅದೇ ದಾರಿ. ಅದರಲ್ಲಿ ಅವಮಾನವೇನೂ ಇಲ್ಲ. ಗುಳೆ ಹೊರಟು ಬಂದ ಸಂಸಾರಗಳು ಪಾತ್ರೆ ಪರಟೆಯ ಚೀಲಗಳೊಡನೆ ಲಿಫ್ಟಿನ ಎದುರು ನಿಂತಾಗ, ಕೈಬೀಸಿಕೊಂಡು ಬಂದ ತರುಣರು ಮುನ್ನುಗ್ಗಿ ಒಳಹೊಕ್ಕು ಬಾಗಿಲು ಮುಚ್ಚಿಕೊಳ್ಳುವುದಿದೆ. ಅವಮಾನ ಪಡಬೇಕಾದವರು ಅವರು.

ಆಯಿಗೆ ಹತ್ತುವ ಮನಸ್ಸಿದ್ದರೆ, ಜನದಟ್ಟಣೆ ಕಳೆಯುವವರೆಗೆ ಕಾದು ನಾಲ್ಕು ಮಂದಿ ಹತ್ತುವುದನ್ನು ಅವಳು ನೋಡಲಿ. ಗಂಟು ಮೊಮ್ಮಗನ ಕೈಗೆ. ಅವಳು ಒಂದು ಕೈಯಲ್ಲಿ ನೆರಿಗೆ ಹಿಡಿದು, ಇನ್ನೊಂದನ್ನು ರಬ್ಬರಿನ ಪಟ್ಟಿಯ ಮೇಲಿಟ್ಟು, ಕೈ ಸಾಗುತ್ತಲೇ ಕಾಲಿಡಬೇಕು. ಹಳದಿ ಗೆರೆಯೊಂದು ಎದ್ದುಬಂದುದನ್ನು ಕಂಡು ಅದರಿಂದೀಚೆಗೆ. ಮೊಮ್ಮಗ ಎದುರು ನಿಂತು ಎಳೆಯಕೂಡದು. ಏರುವಾಗ ಅವನು ಅವಳ ಹಿಂದಿನ ಮೆಟ್ಟಿಲಿನಲ್ಲಿರಬೇಕು, ಇಳಿಯುವಾಗ ಮುಂದಿನದರಲ್ಲಿ. ಅಂದರೆ ಯಾವಾಗಲೂ ಅವಳಿಗಿಂತ ಕೆಳಗೆ. ಬಿದ್ದರೆ ಆನುವುದಕ್ಕೆ ಅದೊಂದೇ ಜಾಗ. ಹತ್ತಿದ ಮೇಲೆ ಮುಖ ಮುಂದಕ್ಕೇ ಇರಲಿ. ತುದಿ ಹತ್ತಿರವಾದಾಗ ಮೆಟ್ಟಿಲು ಚಪ್ಪಟೆಯಾಗುತ್ತದೆ. ಪಾದವೆತ್ತಿ ಬಾಚಣಿಗೆಯನ್ನು ದಾಟಿ, ಎರಡು ಮೂರು ಹೆಜ್ಜೆ ಮುಂದೆಯೇ ಹೋಗಬೇಕು. ಅಲ್ಲೇ ನಿಂತು ‘ಎಲ್ಲರೂ ಬಂದರೋ’ ಎಂದು ಎಣಿಸುವ ಯಜಮಾನರೂ, ಫೋನು ತೆಗೆದು ನೋಡುವ ತರುಣರೂ ಒಂದನ್ನು ಮರೆಯುತ್ತಾರೆ: ಹಿಂದಿನವರಿಗೆ ನಿಲ್ಲುವ ಸ್ವಾತಂತ್ರ್ಯವಿಲ್ಲ. ಮೆಟ್ಟಿಲು ಅವರನ್ನು ತಂದು ಬೆನ್ನಿಗೆ ಸುರಿಯುತ್ತದೆ.

ವಿದ್ಯುತ್ತು ಹೋಗಿ ಮೆಟ್ಟಿಲು ನಿಂತಿದ್ದರೆ ಅದನ್ನು ಸಾಮಾನ್ಯ ಮೆಟ್ಟಿಲೆಂದು ಭಾವಿಸಿ ಹತ್ತುವವರೇ ಹೆಚ್ಚು. ಅದರ ಒಂದೊಂದು ಹಂತ ಸುಮಾರು 20 ಸೆಂಟಿಮೀಟರು ಎತ್ತರ, ಮನೆಯ ಮೆಟ್ಟಿಲಿಗಿಂತ ಹೆಚ್ಚು. ತುದಿಗಳಲ್ಲಿ ಒಂದು ಗಿಡ್ಡ, ಒಂದು ಎತ್ತರ. ಮೊಣಕಾಲು ನೋವಿನವರಿಗೆ ಪಕ್ಕದ ಕಲ್ಲಿನ ಮೆಟ್ಟಿಲೇ ಸಲೀಸು.

ಇನ್ನು ಕೆಂಪು ಗುಂಡಿ. ಪ್ರತಿ ಚಲಿಸುವ ಮೆಟ್ಟಿಲಿನ ಮೇಲಿನ ಮತ್ತು ಕೆಳಗಿನ ತುದಿಯಲ್ಲಿ, ಬಹುಮಟ್ಟಿಗೆ ಮೊಣಕಾಲಿನ ಎತ್ತರದಲ್ಲಿ, ಅದು ಇರುತ್ತದೆ. ಯಾರಾದರೂ ಬಿದ್ದರೆ, ಬಟ್ಟೆ ಸಿಕ್ಕಿಕೊಂಡರೆ, ‘ಗಟ್ಟಿಯಾಗಿ ಹಿಡಿದುಕೊಳ್ಳಿ’ ಎಂದು ಕೂಗಿ ಒತ್ತಬೇಕು. ಕೂಗದೆ ಒತ್ತಿದರೆ ನಿಂತವರೂ ಮುಗ್ಗರಿಸಿಯಾರು. ಸಿಕ್ಕಿದ ಸೆರಗನ್ನು ಎಳೆದಾಡುವುದರಲ್ಲಿ ಕಳೆಯುವ ಐದು ಸೆಕೆಂಡುಗಳಲ್ಲಿ ಮೆಟ್ಟಿಲು ಎರಡೂವರೆ ಮೀಟರು ಸಾಗಿರುತ್ತದೆ. ದಿನವೂ ಅದೇ ನಿಲ್ದಾಣದಲ್ಲಿ ಓಡಾಡುವ ಎಷ್ಟೋ ಮಂದಿಗೆ ಆ ಗುಂಡಿ ಎಲ್ಲಿದೆಯೆಂದು ಕೇಳಿದರೆ ಕಕ್ಕಾಬಿಕ್ಕಿಯಾಗುತ್ತಾರೆ.

ಮೊಮ್ಮಗ ಇದನ್ನೆಲ್ಲ ಆಯಿಗೆ ಬಿಡಿಸಿ ಹೇಳಿದನೆಂದುಕೊಳ್ಳೋಣ. ಅವಳು ಸೆರಗು ಸಿಗಿಸಿಕೊಂಡು, ಗಂಟನ್ನು ಅವನ ಕೈಗಿತ್ತು, ಇನ್ನೊಮ್ಮೆ ಮೆಟ್ಟಿಲನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೀಗನ್ನುವುದರಲ್ಲಿ ಆಶ್ಚರ್ಯವಿಲ್ಲ:

“ಆಗಲಿ ನಡಿ, ತಮ್ಮಾ. ಆದರ ಆ ಕೆಂಪು ಗುಂಡಿ ಎಲ್ಲದ, ಅದನ್ನ ಮೊದಲ ತೋರಸು.”